ಉಣಕಲ್ ನಾಲಾದ ಮೇಲೆ ಸ್ಲ್ಯಾಬ್ ಹಾಕಬೇಕೆ?

ಉಣಕಲ್ ಕೆರೆಯಿಂದ ಹೊರಟ ನಾಲಾ ಹುಬ್ಬಳ್ಳಿಯ ನಡುವೆ ಹಾದು ಗಬ್ಬೂರ ಕಡೆ ಇಳಿಯುತ್ತದೆ. ಅಲ್ಲಿಂದ ಬೆಣ್ಣಿಹಳ್ಳ, ಬೆಣ್ಣಿಹಳ್ಳದಿಂದ ಮಲಪ್ರಭೆ. ಇದು ಮಳೆನೀರು ಹೊತ್ತೊಯ್ಯಲು ಇದ್ದ ಹಳ್ಳ. ಈಗ ವರ್ಷದ ಬಹುಪಾಲು ದಿನ ಇದರಲ್ಲಿ ಹರಿಯುವುದು ನಮ್ಮ ಬಚ್ಚಲು, ಪಾಯಖಾನೆಗಳ ನೀರು.

ನಮ್ಮ ಅಕ್ಕನ ಮನೆ ಈ ನಾಲಾದ ದಂಡೆಯಲ್ಲಿದೆ. ನಾನು ಇರುವುದು ಧಾರವಾಡದಲ್ಲಿ. ಇಡೀ ನಾಲಾಕ್ಕೆ ಕಾಂಕ್ರೀಟ್ ಸ್ಲ್ಯಾಬ್ ಹೊದಿಸಿ ಮುಚ್ಚಬೇಕು ಅನ್ನುವುದು ಅವಳ ಮಾತು. ಮುಚ್ಚಬಾರದು ಅನ್ನುವುದು ನನ್ನದು. ಹಬ್ಬಕ್ಕೆ ಹೋದಾಗಲೆಲ್ಲ ಈ ವಾದ ಒಂದು ಸುತ್ತು ಆಗೇ ಆಗುತ್ತದೆ. ದೂರ ಇರುವವನಿಗೆ ವಾದ ಸುಲಭ ಅಂತ ಅವಳು ಹೇಳುತ್ತಾಳೆ. ಅದು ನಿಜ. ಅದಕ್ಕೇ ಮೊದಲು ಅವಳ ಕಡೆಯ ಮಾತು ಬರೆಯುತ್ತೇನೆ. ಓದಿದರೆ ಅವಳು "ಹೌದು, ನಾ ಅಂದದ್ದು ಇದನ್ನ" ಅನ್ನಬೇಕು, ಹಾಗೆ ಬರೆಯುತ್ತೇನೆ.

ಪರ: ಮುಚ್ಚಲೇಬೇಕು

ಅಕ್ಕನ ಅಡುಗೆಮನೆಯ ಕಿಟಕಿ ನಾಲಾ ಕಡೆಗಿದೆ. ಅದು ತೆರೆದದ್ದು ಬಹಳ ಕಡಿಮೆ. ಏಪ್ರಿಲ್ ತಿಂಗಳಲ್ಲಿ ರೊಟ್ಟಿ ಬಡಿಯುವಾಗ ಹಂಚಿನ ಕಾವು ಮುಖಕ್ಕೆ ಹೊಡೆಯುತ್ತದೆ. ಆದರೂ ಕಿಟಕಿ ತೆರೆಯುವ ಹಾಗಿಲ್ಲ. ತೆರೆದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಮಗಳನ್ನು ನೋಡಲು ಬೀಗರು ಬರುವ ದಿನ ಬೆಳಿಗ್ಗೆಯಿಂದಲೇ ಊದುಬತ್ತಿ ಹಚ್ಚಿಡುತ್ತಾಳೆ. ಬಂದವರು ಏನೂ ಅನ್ನುವುದಿಲ್ಲ. ಆದರೆ ಕರವಸ್ತ್ರ ಕೈಯಲ್ಲೇ ಇರುತ್ತದೆ. ಅದನ್ನು ನೋಡಿದ ದಿನ ಅವಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಸಂಜೆ ಐದೂವರೆಗೆ ಬಾಗಿಲು ಹಾಕಬೇಕು. ಆಮೇಲೆ ಸೊಳ್ಳೆ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ಇದು, ಆನೆಕಾಲು ರೋಗ ಹರಡುವ ಜಾತಿ. ಡೆಂಗಿ ತರುವ ಸೊಳ್ಳೆ ಬೇರೆ, ಅದು ಬ್ಯಾರಲ್, ಹಳೇ ಟೈರುಗಳಲ್ಲಿ ನಿಂತ ತಿಳಿನೀರು ಹುಡುಕುತ್ತದೆ. ಇದು ಅಕ್ಕನಿಗೂ ಗೊತ್ತು. ಆದರೆ ರಾತ್ರಿಯಿಡೀ ಕಚ್ಚಿಸಿಕೊಂಡವರಿಗೆ ಯಾವ ಜಾತಿಯದಾದರೇನು? ಓದುವ ಹುಡುಗ ಪರದೆಯ ಒಳಗೆ ಕೂತು ಓದುತ್ತಾನೆ.

ತೆರೆದ ನಾಲಾ ಅಂದರೆ ಊರಿಗೆಲ್ಲ ಬಿಟ್ಟಿ ಕಸದ ಡಬ್ಬಿ. ಮನೆ ಒಡೆದ ಇಟ್ಟಿಗೆ ಚೂರು, ಹರಿದ ಗಾದಿ, ಭಾನುವಾರ ರಾತ್ರಿ ಕೋಳಿ ಅಂಗಡಿಯ ಚೀಲ, ಎಲ್ಲ ಅಲ್ಲಿಗೇ. ಗಾಡಿ ನಿಲ್ಲಿಸದೆ ಎಸೆದು ಹೋಗುವವರೂ ಇದ್ದಾರೆ. ಯಾರನ್ನು ಹಿಡಿಯುವುದು? ಮುಚ್ಚಿಬಿಟ್ಟರೆ ಎಸೆಯಲು ಜಾಗವೇ ಇರುವುದಿಲ್ಲ. ಇನ್ನು ಮಕ್ಕಳ ಭಯ. ಚೆಂಡು ಬಿದ್ದರೆ ಹುಡುಗರು ತಡೆಗೋಡೆ ಹತ್ತುತ್ತಾರೆ. ಮಳೆಗಾಲದಲ್ಲಿ ರಸ್ತೆ ಎಲ್ಲಿ ಮುಗಿಯಿತು, ನಾಲಾ ಎಲ್ಲಿ ಶುರುವಾಯಿತು ಅಂತ ಕತ್ತಲಲ್ಲಿ ತಿಳಿಯದ ಜಾಗಗಳಿವೆ.

ಚರಂಡಿ ಮುಚ್ಚುವುದು ಹೊಸ ವಿದ್ಯೆಯೇನಲ್ಲ. ಮೊಹೆಂಜೊದಾರೊದ ಬೀದಿಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆಯೇ ಇಟ್ಟಿಗೆಯ ಚರಂಡಿ ಕಟ್ಟಿ ಮೇಲೆ ಇಟ್ಟಿಗೆ, ಕಲ್ಲು ಹೊದಿಸಿದ್ದರು. ಬೇಕಾದಾಗ ತೆಗೆದು ಸ್ವಚ್ಛ ಮಾಡುತ್ತಿದ್ದರು. ಇಂದು ಕ್ರೇನ್ ಇರುವ ನಮಗೆ ಎತ್ತಿ ಇಡುವ ಸ್ಲ್ಯಾಬ್ ಮಾಡಲು ಬರುವುದಿಲ್ಲವೆ? ಮೇಲೆ ಸಿಗುವ ಜಾಗದಲ್ಲಿ ವಯಸ್ಸಾದವರು ನಡೆಯಬಹುದು, ಕಾಯಿಪಲ್ಲೆ ಮಾರುವವರು ಕೂರಬಹುದು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಈ ನಾಲಾದ ಗುಂಟ ಸೈಕಲ್ ದಾರಿ, ಹಸಿರು ಕಾರಿಡಾರ್ ಅಂತ ಕೈಗೆತ್ತಿಕೊಂಡರು. ಮೂಗು ಮುಚ್ಚಿಕೊಂಡು ಸೈಕಲ್ ಹೊಡೆಯುವವರು ಯಾರು ಅನ್ನುವುದು ಅಕ್ಕನ ಪ್ರಶ್ನೆ.

ಅವಳ ಕೊನೆಯ ಮಾತು ನನಗೆ ಪ್ರತಿ ಸಲ ಚುಚ್ಚುತ್ತದೆ. "ತಮ್ಮಾ, ಈ ಹೊಲಸು ಬರೇ ನಮ್ಮನಿದಲ್ಲ. ಮ್ಯಾಲಿನ ಲೇಔಟಿನವ್ರ ಮನಿದೂ ಐತಿ. ಅವರು ಫ್ಲಷ್ ಒತ್ತಿ ಮರತ ಬಿಡ್ತಾರ. ನಾವು ಅದರ ವಾಸ್ನಿ ಕುಡದು ಬದಕಬೇಕು. ಮೊದಲ ಪೈಪ್ ಸರಿ ಆಗಲಿ, ಆಮ್ಯಾಲೆ ನೋಡೂಣು ಅಂತೀರಿ. ನಮ್ಮತ್ತಿ ಅದನ್ನ ಕೇಳ್ಕೋತನ ಹೋದ್ರು." ದಂಡೆಯಲ್ಲಿ ಮನೆ ಮಾಡಿದವರು ಬೇರೆ ಕಡೆ ಜಾಗ ಕೊಳ್ಳಲು ಆಗದವರು. ಊರಿನ ಹೊಲಸು ಹೊರುವ ಪಾಳಿ ಯಾವಾಗಲೂ ಅವರದೇ ಆಗಬೇಕಾ? ಪೈಪಿನ ಕೆಲಸ ಮುಗಿಯಲು ಎಷ್ಟೋ ವರ್ಷ ಬೇಕು. ಸ್ಲ್ಯಾಬ್ ಅವಳ ಕಣ್ಣೆದುರಿಗೇ ಬೀಳಬಹುದು.

ವಿರೋಧ: ಮುಚ್ಚಿದರೆ ಕಷ್ಟ ಜಾಸ್ತಿಯಾಗುತ್ತದೆ

ಈಗ ನನ್ನ ಮಾತು. ಅಕ್ಕನ ನೋವಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವಳು ಕೇಳುವ ಔಷಧದ ಮೇಲೆ ನನಗೆ ನಂಬಿಕೆ ಇಲ್ಲ.

ನಾಲಾವನ್ನು ಬೇಸಿಗೆಯಲ್ಲಿ ನೋಡಿದರೆ ತಳದಲ್ಲಿ ಮೊಣಕಾಲುದ್ದ ಕಪ್ಪು ನೀರು. ಇಷ್ಟಕ್ಕೆ ಇಷ್ಟು ಅಗಲ ಯಾಕೆ ಅನಿಸುತ್ತದೆ. ಆ ಅಗಲ ಇರುವುದು ವರ್ಷದ ನಾಲ್ಕೈದು ದಿನಕ್ಕೆ, ಜೋರು ಮಳೆ ಹೊಯ್ದ ದಿನಕ್ಕೆ. ಹುಬ್ಬಳ್ಳಿ ಎರೆ ಭೂಮಿಯ ಊರು. ಎರೆ ಮಣ್ಣು ಒಮ್ಮೆ ನೆನೆದರೆ ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಅದರ ಮೇಲೆ ನಾವು ಡಾಂಬರು, ಕಾಂಕ್ರೀಟು, ಪೇವರ್ ಹಾಸಿದ್ದೇವೆ. ಹೊಲ ಇದ್ದಲ್ಲಿ ಲೇಔಟ್ ಬಂದಿವೆ. ಬಿದ್ದ ಮಳೆಯೆಲ್ಲ ಓಡೋಡಿ ನಾಲಾಕ್ಕೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಉಕ್ಕಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಮುಂದೆ ಹಳ್ಳ ತುಂಬಿ ನಿಂತರೆ ಹಿಂದಿನ ನಾಲಾ ಎಲ್ಲಿಗೆ ಇಳಿಯಬೇಕು?

ಅಂಥ ದಿನ ನೀರಿನ ಜೊತೆ ಗಿಡದ ಟೊಂಗೆ, ಗಾದಿ, ಥರ್ಮೋಕೋಲ್, ಪ್ಲಾಸ್ಟಿಕ್ ಗಂಟು ಗಂಟಾಗಿ ಬರುತ್ತದೆ. ನಾಲಾ ತೆರೆದಿದ್ದರೆ ಎಲ್ಲಿ ಸಿಕ್ಕಿತು ಅಂತ ಕಣ್ಣಿಗೆ ಕಾಣುತ್ತದೆ. ಇಟಾಚಿ ಯಂತ್ರ ತಂದು ಎತ್ತಬಹುದು. ಸ್ಲ್ಯಾಬಿನ ಕೆಳಗೆ, ಕಂಬದ ಬುಡದಲ್ಲಿ ಸಿಕ್ಕರೆ ಯಾರಿಗೆ ಕಾಣುತ್ತದೆ? ನೀರು ಹಿಂದಕ್ಕೆ ಒತ್ತುತ್ತದೆ. ಹಿಂದಕ್ಕೆ ಒತ್ತಿದ ನೀರು ಮೊದಲು ಹೊಗುವುದು ದಂಡೆಯ ಮನೆಗಳಿಗೆ, ಅಂದರೆ ಅಕ್ಕನ ಮನೆಗೇ. ಬಚ್ಚಲ ತೂತಿನಿಂದ ಮೇಲೆ ಬರುತ್ತದೆ. ಎತ್ತುವ ಸ್ಲ್ಯಾಬ್ ಹಾಕೋಣ ಅನ್ನುತ್ತಾಳೆ ಅವಳು. ಬೀದಿ ಬದಿಯ ಎರಡಡಿ ಗಟಾರಕ್ಕೆ ಅದು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಅಷ್ಟಗಲದ ನಾಲಾದ ಮೇಲಿನ ಸ್ಲ್ಯಾಬಿನ ಮೇಲೆ ಮಾತ್ರ ಮೊದಲು ಗಾಡಿ ನಿಲ್ಲುತ್ತವೆ, ಆಮೇಲೆ ಅಂಗಡಿ ಏಳುತ್ತವೆ. ಆಮೇಲೆ ಅದನ್ನು ಎತ್ತಲು ಯಾವ ಕ್ರೇನಿಗೂ ದಾರಿ ಇರುವುದಿಲ್ಲ. ನಮ್ಮ ಊರಲ್ಲಿ ಜಾಗ ಖಾಲಿ ಉಳಿದದ್ದು ಎಲ್ಲಿ ನೋಡಿದ್ದೀರಿ, ಹೇಳಿ.

ಸ್ಲ್ಯಾಬ್ ಹಾಕಿದರೆ ಸೊಳ್ಳೆ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಕ್ಯುಲೆಕ್ಸ್ ಸೊಳ್ಳೆಗೆ ಕತ್ತಲೆ, ನಿಂತ ಕೊಳಚೆ ಎರಡೂ ಇಷ್ಟ. ಗಾಳಿಗೆ ಬಿಟ್ಟ ತೂತು ಅದಕ್ಕೂ ಬಾಗಿಲೇ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಒಳಗಿನ ಗಾಳಿ. ಕೊಳಚೆ ಮುಚ್ಚಿದ ಜಾಗದಲ್ಲಿ ಕೊಳೆತರೆ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಕೂಡಿಕೊಳ್ಳುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ಒಳಗೆ ಇಳಿದವನು "ಈಗ ವಾಸನೆ ಇಲ್ಲ" ಅಂದುಕೊಳ್ಳುವ ಹೊತ್ತಿಗೆ ಕೈಕಾಲು ಬಿದ್ದುಹೋಗಿರುತ್ತವೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಹೋಗುತ್ತಾನೆ. ದೇಶದ ಎಷ್ಟೋ ಊರುಗಳ ಮ್ಯಾನ್‌ಹೋಲುಗಳಲ್ಲಿ ಹೀಗೇ ಆಗಿದೆ. ಮನುಷ್ಯರನ್ನು ರಕ್ಷಣೆ ಇಲ್ಲದೆ ಒಳಚರಂಡಿಗೆ ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂತು. ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸುವ ಹೊತ್ತಿಗೂ ಜನ ಸಾಯುತ್ತಲೇ ಇದ್ದರು. ನಾಲಾಕ್ಕೆ ಉದ್ದಕ್ಕೂ ಮುಚ್ಚಳ ಹಾಕುವುದು ಅಂದರೆ ಮೈಲುಗಟ್ಟಲೆ ಉದ್ದದ ಮ್ಯಾನ್‌ಹೋಲ್ ಕಟ್ಟಿದ ಹಾಗೆ. ನಾಳೆ ಅಲ್ಲಿ ಹೂಳು ತುಂಬಿದಾಗ ಯಂತ್ರ ಹೋಗದ ಮೂಲೆಗೆ ಯಾರನ್ನು ಕಳಿಸುತ್ತಾರೆ ಅಂತ ನಮಗೆಲ್ಲ ಗೊತ್ತಿದೆ. ಅಕ್ಕನ ಮಗ ಹೋಗುವುದಿಲ್ಲ. ನನ್ನ ಮಗನೂ ಹೋಗುವುದಿಲ್ಲ.

ಅದೇ ಗಾಳಿ ಕಾಂಕ್ರೀಟನ್ನೂ ತಿನ್ನುತ್ತದೆ. ಸ್ಲ್ಯಾಬಿನ ಒದ್ದೆ ಅಡಿಭಾಗದಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡನ್ನು ಗಂಧಕಾಮ್ಲ ಮಾಡುತ್ತವೆ. ಮೇಲಿನಿಂದ ಗಟ್ಟಿ ಕಂಡ ಸ್ಲ್ಯಾಬ್ ಕೆಳಗಿನಿಂದ ಉದುರುತ್ತಾ ಬರುತ್ತದೆ, ಸರಳು ಹೊರಗೆ ಬೀಳುತ್ತವೆ.

ಹಾಗಾದರೆ ಮಾಡುವುದೇನು? ಲೆಕ್ಕದಿಂದ ಶುರು ಮಾಡೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಎಂಜಿನಿಯರುಗಳು ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ವಾಪಸ್ ಬರುತ್ತದೆ, ಅಂದರೆ 108 ಲೀಟರ್. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನ 9.4 ಲಕ್ಷ. ಗುಣಿಸಿದರೆ ದಿನಕ್ಕೆ ಸುಮಾರು 10 ಕೋಟಿ ಲೀಟರ್. ಈಗ ಜನ ಇನ್ನೂ ಜಾಸ್ತಿ. 24 ಗಂಟೆ ನೀರು ಕೊಡುವ ಪ್ರಯೋಗ ನಮ್ಮಲ್ಲಿ 2008ರಲ್ಲೇ ಕೆಲವು ವಾರ್ಡುಗಳಲ್ಲಿ ಶುರುವಾಯಿತು. ಸವದತ್ತಿಯ ರೇಣುಕಾಸಾಗರದಿಂದ ನೀರು ಮನೆಗೆ ಬಂತು ಅಂತ ಖುಷಿಪಟ್ಟೆವು, ಖುಷಿಪಡಬೇಕಾದದ್ದೇ. ಬಂದ ನೀರು ಹೊರಗೆ ಹೋಗುವ ದಾರಿಯನ್ನು ಯಾರೂ ಅಷ್ಟು ಪ್ರೀತಿಯಿಂದ ಕೇಳಲಿಲ್ಲ, ಅಲ್ವಾ?

ಆ ನೀರು ಹೋಗಬೇಕಾದದ್ದು ನೆಲದೊಳಗಿನ ಯುಜಿಡಿ, ಅಂದರೆ ಒಳಚರಂಡಿ ಪೈಪಿನಲ್ಲಿ. ನಾಲಾಕ್ಕೆ ಅದು ಬೀಳಲೇಬಾರದು. ಬೀಳುತ್ತಿರುವುದಕ್ಕೆ ಕಾರಣ ಹಲವು. ಬೀದಿಯಲ್ಲಿ ಪೈಪ್ ಇದ್ದರೂ ಮನೆಯವರು ಜೋಡಣೆ ಮಾಡಿಸಿಕೊಂಡಿರುವುದಿಲ್ಲ. ಮಳೆನೀರಿನ ಕೊಳವೆಯನ್ನು ಯುಜಿಡಿಗೆ, ಪಾಯಖಾನೆಯ ಕೊಳವೆಯನ್ನು ಗಟಾರಕ್ಕೆ ಬಿಟ್ಟಿರುತ್ತಾರೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವಾಗ ಪೈಪಿನ ಕೀಲು ಜರುಗುತ್ತದೆ. ಕೊಳಚೆ ಸೆಕೆಂಡಿಗೆ 60 ಸೆಂಟಿಮೀಟರ್ ಆದರೂ ಓಡದಿದ್ದರೆ ಹೂಳು ತಳ ಹಿಡಿಯುತ್ತದೆ. ಇಳಿಜಾರು ಒಂದು ಬೆರಳು ತಪ್ಪಿದರೂ ಚೇಂಬರ್ ತುಂಬಿ ಬೀದಿಗೆ ಬರುತ್ತದೆ. ಆಗ ಯಾರೋ ಬಂದು ಪೈಪ್ ಒಡೆದು ನಾಲಾಕ್ಕೆ ಬಿಟ್ಟು "ಸದ್ಯಕ್ಕೆ ಇರಲಿ" ಅನ್ನುತ್ತಾರೆ. ಆ ಸದ್ಯ ಮುಗಿಯುವುದೇ ಇಲ್ಲ. ಸ್ಲ್ಯಾಬ್ ಬಿದ್ದ ಮೇಲೆ ಇಂಥ ಕಳ್ಳ ಜೋಡಣೆಯನ್ನು ನೋಡುವವರೂ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ.

ದಂಡೆಯ ಎರಡೂ ಬದಿಗೆ ದೊಡ್ಡ ಪೈಪ್ ಹಾಕಿ, ನಾಲಾಕ್ಕೆ ಬೀಳುವ ಮೊದಲೇ ಕೊಳಚೆಯನ್ನು ಹಿಡಿದು ಗಬ್ಬೂರಿನ ಶುದ್ಧೀಕರಣ ಘಟಕಕ್ಕೆ ಒಯ್ಯಬೇಕು. ಕಸ ಬೀಳುವ ಜಾಗಗಳಲ್ಲಿ ಎತ್ತರದ ಜಾಳಿಗೆ ಬೇಕು, ಶಾಲೆಯ ಹತ್ತಿರ ಗಟ್ಟಿ ಬೇಲಿ ಬೇಕು. ಮಿರಗ ಮಳೆ ಕೂಡುವುದರೊಳಗೆ ಹೂಳು ತೆಗೆಯಬೇಕು. ತೆಗೆದ ಹೂಳನ್ನು ಅದೇ ದಿನ ಹೊತ್ತೊಯ್ಯಬೇಕು. ದಂಡೆಯ ಮೇಲೆ ಗುಡ್ಡೆ ಹಾಕಿ ಹೋದರೆ ಮೊದಲ ಮಳೆಗೇ ಅದು ವಾಪಸ್ ಒಳಗೆ ಜಾರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಊರಾಚೆಯವರ ಮಾತೂ ಇದೆ. ಬಿಡನಾಳ, ಗಬ್ಬೂರ, ಕಟನೂರ ಕಡೆಯ ರೈತರು ವರ್ಷಗಟ್ಟಲೆ ಈ ನೀರು ಎತ್ತಿ ಬೆಳೆ ತೆಗೆದಿದ್ದಾರೆ, ತರಕಾರಿಯನ್ನೂ ಬೆಳೆದಿದ್ದಾರೆ. ಬಾವಿ ಬತ್ತಿದ ಬೇಸಿಗೆಯಲ್ಲೂ ಇದು ಬತ್ತುವುದಿಲ್ಲ, ಗೊಬ್ಬರದ ಖರ್ಚೂ ಉಳಿಯುತ್ತದೆ. ಆದರೆ ಆ ಕೊಳಚೆಯಲ್ಲೇ ಕೈಕಾಲು ಇಟ್ಟು ದುಡಿಯುವವರು ಅವರು. ಆ ತರಕಾರಿ ಬರುವುದು ನಮ್ಮ ಸಂತೆಗೇ. ನಾವು ಇಲ್ಲಿ ಮುಚ್ಚಿ ಮರೆತದ್ದು ಅಲ್ಲಿ ತೆರೆದೇ ಇರುತ್ತದೆ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ಅನ್ನುವ ಹಳ್ಳ ಹೀಗೇ ನಾರುತ್ತಿತ್ತು. 1950ರ ದಶಕದ ಕೊನೆಯಿಂದ ಅದನ್ನು ಕಾಂಕ್ರೀಟಿನಿಂದ ಮುಚ್ಚುತ್ತಾ ಬಂದರು. ಮೇಲೆ ರಸ್ತೆ, ಅದರ ಮೇಲೆ ಮೇಲ್ಸೇತುವೆ ಕಟ್ಟಿದರು. 2003ರಲ್ಲಿ ಎಲ್ಲವನ್ನೂ ಒಡೆಯಲು ಶುರು ಮಾಡಿ, 2005ರಲ್ಲಿ ಸುಮಾರು 6 ಕಿಲೋಮೀಟರ್ ಹಳ್ಳವನ್ನು ಮತ್ತೆ ಬಿಸಿಲಿಗೆ ತಂದರು. ಅಷ್ಟು ದುಡ್ಡು ಎರಡು ಸಲ ಸುರಿಯುವ ಶಕ್ತಿ ನಮ್ಮ ಊರಿಗಿಲ್ಲ.

ಕಳೆದ ದೀಪಾವಳಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಪೂರ್ತಿ ಕೇಳಿದಳು. "ಪೈಪ್ ಹಾಕೂತನಕ ನನ್ನ ಕಿಟಕಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ದಂಡೆಯ ಗುಂಟ ಹೊರಟೆವು. ಗೋಡೆಯಿಂದ ನಾಲಾಕ್ಕೆ ಬೀಳುವ ಪೈಪುಗಳನ್ನು ಎಣಿಸಿ, ವಾರ್ಡ್ ಆಫೀಸಿಗೆ ಪಟ್ಟಿ ಕೊಡೋಣ ಅಂತ. ಯಾವ ಪೈಪಿನಿಂದ ಕೊಳಚೆ, ಯಾವುದರಿಂದ ಬರೇ ಮಳೆನೀರು ಅಂತ ಅವಳು ನನಗಿಂತ ಚೆನ್ನಾಗಿ ಬಲ್ಲಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಅವಳ ಮನೆಯ ಹಿಂದೆ ಬಂದಾಗ ಒಂದು ಕ್ಷಣ ನಿಂತಳು. ಆಮೇಲೆ ತನ್ನ ಬಚ್ಚಲಿನ ಪೈಪಿಗೂ ಬೆರಳು ತೋರಿಸಿ, "ಇದನ್ನೂ ಬರಕೋ" ಅಂದಳು.