ಬೇಕರಿ ಅಜ್ಜಿಯ ಜರ್ಮನ್, ನಮ್ಮ ದಾಕ್ಷಿಣ್ಯದ ಕನ್ನಡ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನನಗೆ ಜರ್ಮನ್ ಕಲಿಸಿದವರು ಇಬ್ಬರು. ಒಬ್ಬರು ಸಂಜೆ ಕ್ಲಾಸಿನ ಮೇಡಂ, ಇನ್ನೊಬ್ಬರು ನಮ್ಮ ಬೀದಿಯ ಬೇಕರಿ ಅಜ್ಜಿ. ಮೇಡಂಗೆ ಫೀಸು ಕಟ್ಟಿದೆ. ಅಜ್ಜಿಗೆ ಕೊಟ್ಟಿದ್ದು ಬ್ರೆಡ್ಡಿನ ದುಡ್ಡು ಮಾತ್ರ. ಆದರೂ ನನ್ನ ನಾಲಿಗೆ ಹೊರಳಿಸಿದವರು ಅಜ್ಜಿಯೇ.

ಇಲ್ಲಿ ಭಾಷೆ ಅಂದರೆ ಮೊದಲು ವ್ಯಾಕರಣ, ಆಮೇಲೆ ಮಾತು. ವಲಸೆ ಬಂದವರಿಗಾಗಿ ಇರುವ ಸರ್ಕಾರಿ ಕೋರ್ಸಿನಲ್ಲಿ ಭಾಷೆಗೆಂದೇ ಸಾಮಾನ್ಯವಾಗಿ 45 ನಿಮಿಷದ 600 ಪಾಠ. ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ನನ್ನ ಸಂಜೆ ಕ್ಲಾಸೂ ಅದೇ ಅಚ್ಚಿನದು. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ ಅಂತ ಉರು ಹೊಡೆದೆ. ಬೆಂಗಳೂರಿನಲ್ಲಿ ನಾನು ಯಾವ ಭಾಷೆಯನ್ನೂ ಹೀಗೆ ಕಲಿತವನಲ್ಲ. ರೂಂಮೇಟಿನಿಂದ ತೆಲುಗು ಹತ್ತಿತು, ಮನೆ ಓನರ್ ಆಂಟಿಯಿಂದ ತಮಿಳು. ಎರಡರ ವ್ಯಾಕರಣವೂ ಇವತ್ತಿಗೂ ಗೊತ್ತಿಲ್ಲ.

ಬೇಕರಿಯಲ್ಲಿ ಮೊದಲ ದಿನ ಅಜ್ಜಿಯ ಪ್ರಶ್ನೆ ನನಗೆ ಕೇಳಿಸಿದ್ದು ಹೀಗೆ: "ಗಾಂಟ್ಸೆಸೋಡರ್‌ಹಾಲ್ಬೆಸ್?" ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತೋ ತಿಳಿಯಲಿಲ್ಲ. ಬರಹದಲ್ಲಿ ಪದಗಳ ನಡುವೆ ಜಾಗ ಬಿಡುತ್ತೇವೆ, ಮಾತಿನಲ್ಲಿ ಯಾರು ಬಿಡುತ್ತಾರೆ? ನಮ್ಮ "ಏನ್ಮಾಡ್ತಿದೀಯೋ" ಕೂಡ ಹೊಸಬನ ಕಿವಿಗೆ ಒಂದೇ ಉಂಡೆ. ಅಜ್ಜಿ ಬ್ರೆಡ್ಡಿನ ನಡುಮಧ್ಯೆ ಚಾಕು ಇಟ್ಟು ತೋರಿಸಿದರು: ಇಡೀದೋ, ಅರ್ಧವೋ? ತಿಂಗಳೊಳಗೆ ಆ ಉಂಡೆ ತಾನಾಗಿಯೇ ಮೂರು ತುಂಡಾಯಿತು. 'ಹಾಲ್ಬೆಸ್' ಬೇರೆ ಕಡೆಯೂ ಕಿವಿಗೆ ಬೀಳುತ್ತಿತ್ತು, 'ಅಥವಾ' ಅನ್ನುವ 'ಓಡರ್' ಅಂತೂ ಎಲ್ಲೆಲ್ಲೂ.

ಮಿದುಳು ಈ ಕತ್ತರಿ ಕೆಲಸವನ್ನು ನಾವು ಕೂಸಾಗಿದ್ದಾಗಲೇ ಶುರು ಮಾಡಿರುತ್ತದೆ. 1996ರಲ್ಲಿ ಸಂಶೋಧಕಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಮಕ್ಕಳಿಗೆ ಕಂಪ್ಯೂಟರ್ ದನಿಯಲ್ಲಿ ಅರ್ಥವಿಲ್ಲದ ಮಾತನ್ನು ಎರಡು ನಿಮಿಷ ಬಿಡುವಿಲ್ಲದೆ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುತ್ತದೆ ಎಂಬ ಲೆಕ್ಕವೊಂದರಿಂದಲೇ ಮಕ್ಕಳು ಅದರೊಳಗಿನ ಪದಗಳನ್ನು ಗುರುತಿಸಿದವು. ಬೆಳೆದವರ ತಲೆಯೂ ಸುಮ್ಮನಿರುವುದಿಲ್ಲ. 2004ರಲ್ಲಿ ಪ್ರಕಟವಾದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಫ್ರೆಂಚಿನ ಸುಮಾರು 14 ಗಂಟೆ ಪಾಠವಷ್ಟೇ ಕೇಳಿದ್ದ ವಿದ್ಯಾರ್ಥಿಗಳಿಗೆ ನಿಜ ಪದ, ಸುಳ್ಳು ಪದ ಬೆರೆಸಿ ತೋರಿಸಿದರು. ಯಾವುದು ನಿಜ ಅಂತ ಕೇಳಿದರೆ ಅವರ ಉತ್ತರ ಬರೀ ಅಂದಾಜು. ತಲೆಗೆ ಅಂಟಿಸಿದ ತಂತಿಗಳು ಮಾತ್ರ ಬೇರೆಯೇ ಹೇಳಿದವು. ಪದ ಕಂಡ 400 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಸುಳ್ಳು ಪದಕ್ಕೆ ಮಿದುಳಿನ ವಿದ್ಯುತ್ ಅಲೆ ಒಂದು ಥರ, ನಿಜ ಪದಕ್ಕೆ ಇನ್ನೊಂದು ಥರ. ನನಗೇನೂ ಬರುವುದಿಲ್ಲ ಅಂತ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತವನಿಗೆ ಇದನ್ನು ಓದಿ ಆದ ಸಮಾಧಾನ ಅಷ್ಟಿಷ್ಟಲ್ಲ.

ಧ್ವನಿಗಳ ವಿಷಯದಲ್ಲಿ ಮಾತ್ರ ಮಿದುಳು ಬೇಗ ಬಾಗಿಲು ಹಾಕಿಕೊಳ್ಳುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ್ದು ಇದನ್ನೇ: ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಮಕ್ಕಳಿಗೆ ಹಿಂದಿಯ ತ, ಟ ಬೇರೆ ಬೇರೆ ಕೇಳಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಕೇಳಿಸುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬ "ನಿಮ್ಮ ಹಲ್ಲಿ ಎಷ್ಟು ದೊಡ್ಡದು?" ಅಂತ ಕೇಳುವುದು ನಮ್ಮ ಹಳ್ಳಿಯ ಬಗ್ಗೆ. ನಗುವಂತಿಲ್ಲ. 'ಉ'ಗೂ 'ಇ'ಗೂ ನಡುವಿನ ಜರ್ಮನ್ ಸ್ವರ ನನ್ನ ಕಿವಿಗೆ ಇವತ್ತಿಗೂ ಬರೀ 'ಉ'. ಕನ್ನಡದಲ್ಲಿ ಅದಕ್ಕೆ ಅಕ್ಷರವೂ ಇಲ್ಲ. ಆ ಒಂದು ಸ್ವರ ತಪ್ಪಿ, ಬಾಗಿಲನ್ನು ಒತ್ತಬೇಕಾ ಅಂತ ಕೇಳಹೋಗಿ, ಬಾಗಿಲನ್ನು ಪ್ರಿಂಟ್ ಮಾಡಬೇಕಾ ಅಂತ ಕೇಳಿದ್ದೇನೆ.

ಅಜ್ಜಿಯ ಬಹುದೊಡ್ಡ ಗುಣ ಅಂದರೆ ಅವರಿಗೆ ಇಂಗ್ಲಿಷ್ ಬಾರದಿರುವುದು. ಪೂರ್ವ ಜರ್ಮನಿಯ ಕಾಲದಲ್ಲಿ ಶಾಲೆಗೆ ಹೋದವರು, ಕಲಿತ ಪರಭಾಷೆ ರಷ್ಯನ್. ಹಾಗಾಗಿ ನಾನು ತಪ್ಪಿದರೆ ಅವರು ಸರಿಯಾದದ್ದನ್ನು ಹೇಳಿ ಕಾಯುತ್ತಾರೆ. ಸರಿ ಅಂದರೆ ಈ ಸೀಮೆಯ ಸರಿ. ಕ, ಗ ಆಗಿ ಕಾಫಿ ಇವರ ಬಾಯಲ್ಲಿ 'ಗಫೆ'. ಆಫೀಸಿನವರು ಹಾಗಲ್ಲ. ನನ್ನ ಎರಡನೇ ತಪ್ಪಿಗೇ ಇಂಗ್ಲಿಷಿಗೆ ಹೊರಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಅಲ್ಲಿಗೆ ನನ್ನ ಅವತ್ತಿನ ಪಾಠ ಮುಗಿಯಿತು.

ಪೆಟ್ರಿಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಮಕ್ಕಳ ಎದುರು ಕೂತು ಚೀನೀ ಭಾಷೆಯಲ್ಲಿ ಆಟವಾಡಿಸಿದರು. 12 ಸಲ ಹಾಗೆ ಕೂತಾದ ಮೇಲೆ ಮಕ್ಕಳಿಗೆ ಆ ಭಾಷೆಯ ಧ್ವನಿಭೇದ ದಕ್ಕಿತ್ತು. ಅದೇ ಮಾತನ್ನು ವಿಡಿಯೊದಲ್ಲಿ ಕಂಡ ಮಕ್ಕಳಿಗೆ ಏನೂ ದಕ್ಕಲಿಲ್ಲ. ಕೂಸುಗಳ ಮಾತು ನಲವತ್ತರ ನನಗೆ ಹಾಗೇ ಒಪ್ಪುತ್ತದೆ ಅನ್ನಲಾರೆ. ಆದರೆ ಮೊಬೈಲ್ ಆ್ಯಪಿನಲ್ಲಿ ಆರು ತಿಂಗಳು ಗುದ್ದಾಡಿದ್ದಕ್ಕಿಂತ ಬೇಕರಿಯ ಸಾಲಿನಲ್ಲಿ ನಿಂತದ್ದು ನನಗೆ ಹೆಚ್ಚು ಕಲಿಸಿದೆ.

ಇನ್ನು ಆಫೀಸಿನವರ ಈ ಒಳ್ಳೆಯತನದಲ್ಲಿ ನಾವು ಅವರ ಅಪ್ಪಂದಿರು. ತಮಿಳರೊಡನೆ ತಮಿಳು, ಹಿಂದಿಯವರೊಡನೆ ಹಿಂದಿ; ಎದುರಿನವರು ಬಾಯಿ ತೆರೆಯುವ ಮೊದಲೇ ಮುಖ ನೋಡಿ ಭಾಷೆ ಬದಲಿಸುತ್ತೇವೆ. ಆಮೇಲೆ, ಹತ್ತು ವರ್ಷ ಇದ್ದರೂ ಕನ್ನಡ ಕಲಿಯಲಿಲ್ಲ ನೋಡಿ ಅಂತ ಬೈಯುತ್ತೇವೆ. ಕಲಿಯಲೊಲ್ಲದವರೂ ಇದ್ದಾರೆ, ಅವರ ವಕಾಲತ್ತು ನನಗೆ ಬೇಡ. ಕಲಿಯಲು ಹೊರಟವನ ಕಿವಿಗಾದರೂ ಕನ್ನಡ ಬೀಳಬೇಡವೇ?

ಹೋದ ಸಲ ರಜಕ್ಕೆ ಬಂದಾಗ ಭಾವನ ಜೊತೆ ಜಯನಗರದಲ್ಲಿ ಒಂದು ಹೋಟೆಲಿಗೆ ಹೋಗಿದ್ದೆ. ಬಡಿಸುವ ಹುಡುಗ, ಈಶಾನ್ಯದ ಕಡೆಯವನಿರಬೇಕು, ಬಕೆಟ್ ಹಿಡಿದು ಬಂದು "ಸಾರ್, ಸಾಂಬಾರ್ ಬೇಕು?" ಅಂದ. 'ಬೇಕಾ' ಅನ್ನಬೇಕಿತ್ತು, ಅಷ್ಟೇ ತಪ್ಪು. ಭಾವ ತಟ್ಟೆ ಮುಂದೆ ಸರಿಸಿ, "ಹಾಂ ಭಯ್ಯಾ, ಥೋಡಾ ಔರ್ ದೇ ದೋ" ಅಂದರು. ಹುಡುಗ ನಕ್ಕು ಸಾಂಬಾರ್ ಹಾಕಿದ. ಎರಡನೇ ಸಲ ಬಂದಾಗ ಹಿಂದಿಯಲ್ಲೇ ಕೇಳಿದ.