ನೀರು ತಿಳಿ ಇದೆಯಂತೆ, ತಿಳಿ!

ನಿನ್ನೆ ಕಾಕಾನ ಮಗನ ಮನೆಗೆ ಹೋಗಿದ್ದೆ. ಅದೇ, ಸೇಡಂ ರೋಡಿನ ಕಡೆ ಹೊಸ ಮನೆ ಕಟ್ಟಿಸಿದವನು. ದೀಪಾವಳಿಗೆ ಮುಂಚೆ ಮಾಳಿಗೆ ಮೇಲೆ ಹಾಟ್ ಟಬ್, ಅಂದರೆ ಕೂತು ಮೈ ಕಾಯಿಸುವ ಬಿಸಿನೀರಿನ ತೊಟ್ಟಿ, ಇಡಿಸಿದ್ದಾನೆ. ಕಲಬುರಗಿಯಲ್ಲಿ! ಬ್ಯಾಸಿಗೆಯಲ್ಲಿ ನಳ ತಿರುವಿದರೆ ಬರೋದೇ ಕುದಿನೀರು, ಮತ್ತೆ ಟಬ್ ಯಾಕೆ ಅಂತ ನಗಬೇಡಿ. ನಾನು ಆಗಲೇ ನಕ್ಕು ಮುಗಿಸಿದ್ದೇನೆ. ಬೀದರ ಕೋಟೆಯಲ್ಲಿ ಶಾಹಿ ಹಮಾಮ್ ಇದ್ದ ಸೀಮೆ ನಮ್ಮದು, ಬಿಸಿನೀರಿನ ಶೋಕಿ ಹೊಸದೇನಲ್ಲ. ಚಳಿಗಾಲದಲ್ಲಿ ನನ್ನ ಮೊಣಕಾಲಿಗೂ ಹಿತ. ಟಬ್ ಮೇಲೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಒಂದು ಡಬ್ಬಿ ನೋಡಿ. ನೀರು ಪರೀಕ್ಷೆ ಮಾಡುವ ಪಟ್ಟಿಗಳ ಡಬ್ಬಿ, ಟಬ್ ಜೊತೆಗೇ ಬಂದದ್ದು. ಆರು ತಿಂಗಳಾಯ್ತು, ಸೀಲೇ ಒಡೆದಿಲ್ಲ.

"ಅಣ್ಣಾ, ನೀರು ನೋಡು, ಹೆಂಗ ಕನ್ನಡಿ ಇದ್ದಂಗ ಅದ. ಟೆಸ್ಟ್ ಯಾಕ ಬೇಕು?"

ಕನ್ನಡಿಯಂತೆ! ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನೋ ಅಳತೆ, ಕಣ್ಣಿಗೆ ಕಾಣುತ್ತದೇನು?

ನನ್ನ ಕೆಮಿಸ್ಟ್ರಿ ಹುಚ್ಚು ನಿಮಗೆ ಗೊತ್ತೇ ಇದೆ, ಸ್ವಲ್ಪ ತಡೆದುಕೊಳ್ಳಿ. ಟಬ್ ಅಂದರೆ ಈಜುಕೊಳ ಅಲ್ಲ. ಸಾವಿರ ಚಿಲ್ಲರೆ ಲೀಟರ್ ನೀರು, ಅದರಲ್ಲಿ ನಾಲ್ಕು ಜನ, ಅವರ ಬೆವರು, ಪೌಡರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಇಳಿಯೋ ಮುಂಚೆ ಮೈ ತೊಳೆದುಕೊಳ್ಳಿ ಅಂದರೆ "ಟಬ್ ಇರೋದೇ ಸ್ನಾನಕ್ಕಲ್ಲೇನು" ಅಂತಾನೆ. ಮೇಲೆ ಆ ಬಿಸಿ. 40 ಡಿಗ್ರಿ ದಾಟಲೇಬಾರದು. ಅಷ್ಟರಲ್ಲೂ ಕ್ರಿಮಿ ಕೊಲ್ಲುವ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್ ಇರಬೇಕು, ಪಿಎಚ್ 7.2ರಿಂದ 7.8ರ ಒಳಗಿರಬೇಕು. ಪಿಎಚ್ ಮೇಲೇರಿದರೆ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಆಫೀಸಿಗೆ ಬಂದು ಸಹಿ ಹಾಕಿ ಚಹಾಕ್ಕೆ ಹೋದವನ ಥರ.

ಇದನ್ನೆಲ್ಲ ಹೇಳೋದು ಆ ಪಟ್ಟಿ. ಅದ್ದು, ಬಣ್ಣ ನೋಡು. ಅರ್ಧ ನಿಮಿಷವೂ ಬೇಡ. ಆದರೆ ಇವನಿಗೆ ನೀರು ತಿಳಿ ಇದೆ!

"ಕ್ಲೋರಿನ್ ವಾಸನೆ ಬರ್ತದಲ್ಲ, ಅಂದ್ರ ಸಾಕಷ್ಟು ಅದ" ಅಂದ. ಅಪ್ಪಾ, ಉಲ್ಟಾ. ಮೂಗಿಗೆ ಹೊಡೆಯುವ ಆ ವಾಸನೆ ಕ್ಲೋರಿನ್ ಬೆವರು-ಮೂತ್ರದ ಜೊತೆ ಸೇರಿ ಹುಟ್ಟಿದ ಕ್ಲೋರಮಿನ್‌ದು. ವಾಸನೆ ಜಾಸ್ತಿ ಅಂದರೆ ಕ್ಲೋರಿನ್ ಸೋತಿದೆ ಅಂತ. (ಮೂತ್ರ ಯಾರದು ಅಂತ ಕೇಳಲಿಲ್ಲ. ಮೂರು ಮಕ್ಕಳಿದ್ದಾರೆ.)

ಇನ್ನು ಇವನು ತುಂಬಿಸುವ ಬೋರ್ ನೀರು. ನಮ್ಮ ನೆಲದ ಶಹಾಬಾದ್ ಕಲ್ಲು ಅಂದರೇನು? ಸುಣ್ಣದ ಕಲ್ಲು. ಸುತ್ತ ಸಿಮೆಂಟ್ ಫ್ಯಾಕ್ಟರಿ ಬಂದದ್ದು ಯಾಕೆ? ಅದೇ ಸುಣ್ಣಕ್ಕೆ. ಅಂಥ ನೆಲದಿಂದ ಎತ್ತಿದ ನೀರನ್ನು ಕಾಯಿಸಿದರೆ ಹೀಟರ್ ಮೇಲೆ ಸುಣ್ಣ ಕೂರದೆ ಇನ್ನೇನು ಕೂರುತ್ತದೆ? ನಿಮ್ಮ ಗೀಸರಿನ ಕಾಯಿಲ್ ಒಮ್ಮೆ ಬಿಚ್ಚಿಸಿ ನೋಡಿ. ಸಾಲದ್ದಕ್ಕೆ ಇವನ ಮನೆಯ ಆಳು ಮುಷ್ಟಿಗಟ್ಟಲೆ ಬ್ಲೀಚಿಂಗ್ ಪೌಡರ್ ಎಸೆಯುತ್ತಾನೆ. ಅದರಲ್ಲೂ ಸುಣ್ಣವೇ! ಕಾರ್ಪೊರೇಷನ್ ನಳದ ನೀರು ತುಂಬಿಸು, ಇಲ್ಲ ಸುಣ್ಣ ತೆಗೆಯುವ ಸಾಫ್ಟ್ನರ್ ಹಾಕಿಸು, ಟಬ್ಬಿಗೆಂದೇ ಬರುವ ಕ್ಲೋರಿನ್ ಹರಳು ತಾ ಅಂದೆ. ಆ ಪೌಡರ್ ಪಕ್ಕದಲ್ಲೇ ಆಸಿಡ್ ಬಾಟಲಿ ಇಟ್ಟಿದ್ದ ನೋಡಿ, ಆಗ ನಿಜವಾಗಿ ಕೂಗಾಡಿದೆ. ಆಸಿಡ್, ಕ್ಲೋರಿನ್ ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಮನೆ ಮಂದಿ ಆಸ್ಪತ್ರೆಗೆ.

ಫಿಲ್ಟರ್ ಕಥೆ ಬೇಡ. ವಾರಕ್ಕೊಮ್ಮೆ ಪೈಪ್ ಹಿಡಿದು ತೊಳೆಯಬೇಕು. ಇವನದು ಹಿಟ್ಟಿನ ಗಿರಣಿಯ ಚೀಲದ ಹಾಗಿತ್ತು. ಮೂರು ತಿಂಗಳಿಗೊಮ್ಮೆ ಪೂರ್ತಿ ನೀರು ಬದಲಿಸಬೇಕು ಅಂದರೆ ನೀರು ದಂಡ ಅಂತಾನೆ. ಅಷ್ಟು ನೀರಿನ ಚಿಂತೆ ಇದ್ದವನು ಟಬ್ ಯಾಕೆ ತಂದ?

ಕೊನೆಗೆ ಕಾಕಾ ಬಾಯಿ ಹಾಕಿದರು. "ನಾವು ಭೀಮಾ ಹೊಳ್ಯಾಗ ಈಜಿದವ್ರು, ಯಾವ ಪಟ್ಟಿ ಇತ್ತಪಾ ಆಗ?" ನಿಜ ಕಾಕಾ, ಆದರೆ ಹೊಳೆ ಹರಿಯುತ್ತಿತ್ತು. ಇಲ್ಲಿ ನಿನ್ನೆ ಕೂತವರ ನೀರೇ ಸುತ್ತು ಹೊಡೆಯುತ್ತಿದೆ, ಅದೂ ಬೆಚ್ಚಗೆ, ಕ್ರಿಮಿಗಳಿಗೆ ಅತ್ತೆಮನೆ ಸುಖ.

ಈಗ ಒಂದು ಮಾತು, ನನ್ನ ಹೆಂಡತಿಗೆ ಹೇಳಬೇಡಿ. ದೀಪಾವಳಿಗೆ ಹೋದಾಗ ನಾನೂ ಅದರಲ್ಲಿ ಅರ್ಧ ಗಂಟೆ ಕೂತಿದ್ದೆ. ನೀರು ತಿಳಿಯಾಗಿತ್ತು! ಎರಡು ದಿನಕ್ಕೆ ಸೊಂಟದ ಸುತ್ತ ಕೆಂಪು ಗುಳ್ಳೆ, ತುರಿಕೆ. ಕ್ಲೋರಿನ್ ಕಡಿಮೆಯಾದ ಟಬ್ಬಿನಲ್ಲಿ ಸ್ಯೂಡೊಮೊನಾಸ್ ಅನ್ನೋ ಕ್ರಿಮಿ ಇದೇ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಅವಳು "ಬಜಿ ಜಾಸ್ತಿ ತಿಂದೀರಿ, ಉಷ್ಣ ಆಗ್ಯದ" ಅಂದಳು. ನಾನು ಸುಮ್ನೆ ತಲೆಯಾಡಿಸಿದೆ.

ನಿನ್ನೆ ಮಾತ್ರ ಸುಮ್ಮನಿರಲಿಲ್ಲ. ನಾನೇ ಸೀಲ್ ಒಡೆದು ಪಟ್ಟಿ ಅದ್ದಿದೆ. ಕ್ಲೋರಿನ್ನಿನ ಚೌಕ ಬೆಳ್ಳಗೇ ಉಳಿಯಿತು, ಅಂದರೆ ಕ್ಲೋರಿನ್ನೇ ಇಲ್ಲ. ಪಿಎಚ್ ಚೌಕ ಕಡುಗೆಂಪು, ಅಂದರೆ ಮಿತಿ ದಾಟಿ ಮೇಲೇರಿದೆ.

ಅವನು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ. "ಅಣ್ಣಾ, ಇದು ಎಕ್ಸ್‌ಪೈರಿ ಆಗಿರ್ಬೇಕು."

ಇನ್ನೂ ಒಂದು ವರ್ಷ ಬಾಕಿ ಇತ್ತು.