ಒಂದು ‘ಅಬ್ಬಾ’ದ ತೂಕ

ಅಯ್ಯೋ, ಅಬ್ಬಾ, ಛೇ ಇವಕ್ಕೆಲ್ಲ ಸ್ವಂತ ಅರ್ಥವಿಲ್ಲ, ಬರೀ ಅಲಂಕಾರ ಎಂದು ಮಾತಿನಲ್ಲಿ ಭಾವ ತುಂಬುವ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲಾರೆ. ‘ಬಂದ್ಯಾ’ ಅನ್ನುವ ಒಂದೇ ಮಾತು ನೋಡಿ. ಮುಂದೆ ‘ಓ’ ಸೇರಿದರೆ ಸ್ವಾಗತ, ‘ಓಹೋ’ ಸೇರಿದರೆ ಕೊಂಕು. ‘ಅಬ್ಬಾ, ಬಂದ್ಯಾ’ ಅಂದರೆ ಅಷ್ಟು ಹೊತ್ತು ಬಾಗಿಲಲ್ಲೇ ಕಾಯುತ್ತಿದ್ದ ಜೀವದ ಆತಂಕವೆಲ್ಲ ಇಳಿದ ಹಾಗೆ. ಕ್ರಿಯಾಪದ ಅದೇ, ಸಂಬಂಧ ಬೇರೆ.

ತಾಳೆಗರಿಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಎಲ್ಲಿತ್ತು? ಅದು ಬಂದದ್ದು ಅಚ್ಚಿನ ಕಾಲದಲ್ಲಿ. ಹಳೆಯ ಕವಿಗಳು ಸಂಕಟವನ್ನೆಲ್ಲ ‘ಅಕ್ಕಟಾ’, ‘ಅಕಟಕಟಾ’ಗಳ ಒಳಗೇ ತುಂಬಬೇಕಿತ್ತು. ಜೋರಾಗಿ ಓದಿ ನೋಡಿ, ಆ ‘ಟ’ಕಾರ ಎರಡು ಸಲ ಬಿದ್ದಾಗ ಎದೆ ಬಡಿದುಕೊಂಡ ಸದ್ದೇ ಕೇಳುತ್ತದೆ. 12ನೇ ಶತಮಾನದ ಬಸವಣ್ಣನವರಂತೂ ‘ಅಯ್ಯಾ’ ಅನ್ನುವುದಕ್ಕೂ ‘ಎಲವೋ’ ಅನ್ನುವುದಕ್ಕೂ ನಡುವೆ ಸ್ವರ್ಗ ನರಕಗಳ ಅಂತರ ಕಂಡವರು.

ಒಂದೇ ಅರ್ಥದ ಪದಗಳಲ್ಲಿ ಯಾವುದನ್ನು ಆರಿಸುತ್ತೇವೆ ಅನ್ನುವುದರಲ್ಲೇ ಭಾವವಿರುತ್ತದೆ ಎಂದು ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ. ಅಜ್ಜಿಯ ಸುದ್ದಿ ಹೇಳಲು ಫೋನ್ ಮಾಡಿದ ಅಮ್ಮ ‘ಸತ್ತರು’ ಅನ್ನಲಿಲ್ಲ, ‘ತೀರಿಕೊಂಡರು’ ಅಂತಲೂ ಅನ್ನಲಿಲ್ಲ. ‘ಅಜ್ಜಿ ಹೋಗ್ಬಿಟ್ರು ಕಣೋ’ ಅಂದಳು. ಕೈಜಾರಿದ್ದೆಲ್ಲ ಆ ‘ಬಿಟ್ರು’ವಿನಲ್ಲಿತ್ತು. ‘ಕಣೋ’ ಅನ್ನುವಾಗ ಅವಳು ನನ್ನನ್ನು ಹಿಡಿದುಕೊಂಡಿದ್ದಳು.